ಭಾಷಣ ಬಿಟ್ಟು ಲೈಟ್ ಕಂಬ ಎಣಿಸಿದೆವು: ಊರಿನ ಹುಡುಗ ಹುಡುಗಿಯರ ಜೊತೆ ನನ್ನ ಆರು ವರ್ಷ

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ನಾನು ಯುವಜನರ ಜೊತೆ ಕೆಲಸ ಶುರು ಮಾಡಿ ಆರು ವರ್ಷ ಆಯ್ತು. ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ನನ್ನನ್ನು ಕಳಿಸಿತ್ತು. ಕೂರುವ ಜಾಗ ಮಾತ್ರ ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ಮಕ್ಕಳ ದಿನಾಚರಣೆಯ ಹೊತ್ತಿಗೆ 'ಓದುವ ಬೆಳಕು' ಅನ್ನೋ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆಲ್ಲ ಸದಸ್ಯತ್ವ ಪುಕ್ಕಟೆ ಆಯ್ತು. ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಯಾರ ಮನೆಯ ಜಗಲಿಯೂ ಅಲ್ಲದ, ಯಾವ ಜಾತಿಯ ಓಣಿಗೂ ಸೇರದ ಒಂದು ಜಾಗ ಊರಿನಲ್ಲಿ ಸಿಗುವುದು ಸುಲಭ ಅಲ್ಲ.

ಮೊದಲ ಕಾರ್ಯಕ್ರಮ ಜನವರಿ 12ರಂದು ಮಾಡಿದೆ, ರಾಷ್ಟ್ರೀಯ ಯುವ ದಿನ. ಬ್ಯಾನರ್ ಹಾಕಿಸಿದೆ, ಅತಿಥಿಗಳನ್ನು ಕರೆಸಿದೆ, ವ್ಯಕ್ತಿತ್ವ ವಿಕಸನದ ಬಗ್ಗೆ ಒಂದೂವರೆ ತಾಸು ಭಾಷಣ ಆಯ್ತು. 40 ಜನ ಬಂದಿದ್ದರು. ಚಹಾ, ಬಿಸ್ಕಿಟ್, ಗ್ರೂಪ್ ಫೋಟೋ. ಮುಂದಿನ ವಾರ ಬಂದವರು ಮೂರೇ ಜನ. ಆ ಮೂರರಲ್ಲಿ ಒಬ್ಬ ಮೊಬೈಲ್ ಚಾರ್ಜ್ ಮಾಡಿಕೊಳ್ಳೋಕೆ ಬಂದವನು.

ಅವನಿಂದಲೇ ನನ್ನ ಕೆಲಸ ನಿಜವಾಗಿ ಶುರುವಾಯ್ತು ಅನ್ನಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಹೋಗಿತ್ತು. ಹಾವೇರಿಯಲ್ಲಿ ಒಂದು ಬೈಕ್ ಗ್ಯಾರೇಜಿಗೆ ಹೋಗುತ್ತಿದ್ದ, ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸ್. ಮತ್ತೆ ಪರೀಕ್ಷೆ ಕಟ್ಟು ಅಂದರೆ, "ನನಗ ಲೆಕ್ಕ ಬರಂಗಿಲ್ರೀ ಅಕ್ಕಾರ, ಬಿಡ್ರಿ" ಅನ್ನುತ್ತಿದ್ದ. ಎಷ್ಟು ಸಲ ಬುದ್ಧಿ ಹೇಳಿದರೂ ಅದೇ ಮಾತು. ಒಂದು ಸಂಜೆ ಸುಮ್ನೆ ಕೇಳಿದೆ, ಚೈನ್ ಸೆಟ್ ಬದಲಾಯಿಸುವಾಗ ಮುಂದಿನ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನದಕ್ಕೆ ಎಷ್ಟು ಅಂತ. 14 ಮತ್ತು 42 ಅಂದ. ಹಾಗಾದರೆ ಹಿಂದಿನದು ಒಂದು ಸುತ್ತು ಸುತ್ತೋಕೆ ಮುಂದಿನದು ಎಷ್ಟು ಸುತ್ತಬೇಕು? "ಮೂರ್ರೀ" ಅಂದ, ಕೇಳಿ ಮುಗಿಸುವ ಮೊದಲೇ. ಅನುಪಾತ ಅಂದರೆ ಇದೇ ಅಂತ ಪುಸ್ತಕ ತೆಗೆದು ತೋರಿಸಿದಾಗ ಆ ಪುಟವನ್ನು ಬಹಳ ಹೊತ್ತು ನೋಡುತ್ತಾ ಕೂತ.

ಅವನಿಗೆ ಪಾಠ ಮಾಡಿದ್ದು ನಾನಲ್ಲ. ಅದೇ ಗ್ರಂಥಾಲಯಕ್ಕೆ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ಓದಲು ಬರುತ್ತಿದ್ದ ಡಿಗ್ರಿ ಹುಡುಗನಿಗೆ, ದಿನಾ ಮುಕ್ಕಾಲು ಗಂಟೆ ಇವನಿಗೆ ಕೊಡ್ತೀಯಾ ಅಂತ ಕೇಳಿದೆ. ತಿಂಗಳಾಗುವಷ್ಟರಲ್ಲಿ ಫೇಲಾದ ಇನ್ನೂ ನಾಲ್ಕು ಜನ ಬಂದು ಕೂತರು. ಮೊದಲನೇ ವರ್ಷ ಐದರಲ್ಲಿ ಇಬ್ಬರು ಪಾಸಾದರು, ಗ್ಯಾರೇಜಿನ ಹುಡುಗನೂ ಒಬ್ಬ. ಈಗಂತೂ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, 2024ರಿಂದ ಬಂದ ಬದಲಾವಣೆ ಇದು. ಮೊದಲನೇದರಲ್ಲಿ ಹೋದ ಮಕ್ಕಳನ್ನು ಎರಡನೇದಕ್ಕೆ ತಯಾರು ಮಾಡಲು ನಮಗೆ ಕೆಲವೇ ವಾರ ಸಿಗುತ್ತೆ. ಆದರೆ ಆ ವಾರಗಳು ಬಹಳ ಮುಖ್ಯ. ಫಲಿತಾಂಶ ಬಂದ ದಿನವೇ ಮನೆಗೆ ಹೋಗಿ ಕರೆಯಬೇಕು. ಹದಿನೈದು ದಿನ ತಡ ಮಾಡಿದರೆ ಹುಡುಗ ಬೆಂಗಳೂರಿನ ಯಾವುದೋ ಹೋಟೆಲಲ್ಲೋ ಗೋವಾದ ಕಟ್ಟಡ ಕೆಲಸದಲ್ಲೋ ಇರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರು ಮಾಡಿರುತ್ತಾರೆ.

ಹುಡುಗಿಯರ ವಿಷಯವೇ ಬೇರೆ. ಮೊದಲ ಆರು ತಿಂಗಳು ಒಬ್ಬಳೂ ಬರಲಿಲ್ಲ. ನಾವು ಇಟ್ಟುಕೊಂಡ ಹೊತ್ತು ಸಂಜೆ ಆರರಿಂದ ಎಂಟು. ಯಾವ ತಾಯಿ ಕಳಿಸ್ತಾಳೆ ಹೇಳಿ? ಸ್ತ್ರೀಶಕ್ತಿ ಸಂಘದ ಸಭೆ ನಡೆಯುವ ದಿನ ಹೋಗಿ ಕೂತೆ, ಒಂದಲ್ಲ, ನಾಲ್ಕು ಸಭೆ. ಅವರ ಪಾಸ್‌ಬುಕ್ ಓದಿ ಹೇಳಿದೆ, ಸಾಲದ ಲೆಕ್ಕ ಬರೆದುಕೊಟ್ಟೆ. ಐದನೇ ಸಲ ಒಬ್ಬ ತಾಯಿಯೇ ಮಾತು ತೆಗೆದರು. "ಓದಾಕ ಕಳಸ್ತೀನ್ರೀ, ಆದ್ರ ಆರು ಹೊಡಿಯೂದ್ರಾಗ ಮನ್ಯಾಗ ಇರಬೇಕು ನೋಡ್ರಿ. ಗಂಡುಹುಡುಗರು ಇದ್ರ ಒಲ್ಲೆ." ನಾನು ವಾದ ಮಾಡಲಿಲ್ಲ. ಕಾಲೇಜು ಬಸ್ಸು ಊರಿಗೆ ಬರೋದು ನಾಲ್ಕೂ ಇಪ್ಪತ್ತಕ್ಕೆ. ನಾಲ್ಕೂವರೆಯಿಂದ ಐದೂ ಮುಕ್ಕಾಲು ಹುಡುಗಿಯರಿಗೆ ಅಂತ ಮಾಡಿದೆವು. ತಿಂಗಳೊಳಗೆ ಹನ್ನೊಂದು ಜನ. ಕೆಲವು ಗೆಳತಿಯರು ಇದನ್ನು ರಾಜಿ ಅಂದರು. ಇರಬಹುದು. ಬಾಗಿಲೊಳಗೆ ಬಂದ ಮೇಲೆ ಮಾತಾಡಬಹುದು, ಬಾರದೇ ಇದ್ದರೆ ಏನು ಮಾತಾಡೋದು?

ಎರಡೂ ಗುಂಪು ಒಂದಾಗಿದ್ದು ಲೈಟ್ ಕಂಬದಿಂದ. ಬಸ್ ಸ್ಟ್ಯಾಂಡಿನಿಂದ ಊರೊಳಗೆ ಬರುವ ದಾರಿ ಕತ್ತಲೆ ಅಂತ ಹುಡುಗಿಯರು ಪದೇ ಪದೇ ಹೇಳುತ್ತಿದ್ದರು. ಮಕ್ಕಳ ಗ್ರಾಮ ಸಭೆ ಹತ್ತಿರ ಬಂದಿತ್ತು. ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಸಭೆ ಇದು, ಎಷ್ಟೋ ಕಡೆ ಹಾಡು, ಭಾಷಣ, ಸಿಹಿ ಹಂಚಿ ಮುಗಿಸಿಬಿಡುತ್ತಾರೆ. ನಾವು ಕೇಳಬೇಕಾದ್ದನ್ನು ಲೆಕ್ಕದ ಸಮೇತ ಕೇಳೋಣ ಅಂದೆ. ಒಂದು ರಾತ್ರಿ ಏಳೂವರೆಗೆ ಮೂರು ಮೂರು ಜನರ ಮೂರು ತಂಡ ಮಾಡಿ ಹೊರಟೆವು. ಇಬ್ಬರು ತಾಯಂದಿರೂ ಜೊತೆಗೆ ಬಂದರು. ಕೈಯಲ್ಲಿ ನೋಟ್‌ಬುಕ್, ಟಾರ್ಚ್. ಕಂಬದ ನಂಬರು, ಬಲ್ಬ್ ಉರೀತಿದೆಯಾ, ಬಲ್ಬೇ ಇಲ್ಲವಾ, ಹತ್ತಿರ ಯಾರ ಮನೆ, ಇಷ್ಟೇ ಬರೆಯಬೇಕು. ಒಟ್ಟು 64 ಕಂಬ. ಉರಿಯದೇ ಇದ್ದದ್ದು 23. ಅದರಲ್ಲಿ 15 ಎರಡೇ ಓಣಿಯಲ್ಲಿ. ಯಾವ ಓಣಿ ಅಂತ ಊರಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಾರ್ಟ್ ಶೀಟಿನ ಮೇಲೆ ಊರಿನ ನಕ್ಷೆ ಬರೆದು, ಆರಿದ ಕಂಬಕ್ಕೆ ಕಪ್ಪು ಚುಕ್ಕೆ ಇಟ್ಟರು. ಸಭೆಯಲ್ಲಿ ಓದಿದ್ದು ಪಿಯುಸಿ ಮೊದಲ ವರ್ಷದ ಹುಡುಗಿ. ನಕ್ಷೆಯ ಒಂದು ತುದಿ ಹಿಡಿದಿದ್ದು ಗ್ಯಾರೇಜಿನ ಹುಡುಗ. ಓದುವಾಗ ಅವಳ ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು, ದನಿ ನಡುಗಲಿಲ್ಲ. ಒಬ್ಬ ಸದಸ್ಯರು "ಇದನ್ನ ನಿಮಗ ಯಾರ್ ಹೇಳಿಕೊಟ್ರು?" ಅಂತ ಕೇಳಿದರು. "ಯಾರೂ ಹೇಳಿಕೊಟ್ಟಿಲ್ರೀ, ನಾವs ಎಣಿಸೀವಿ" ಅಂದಳು. ಪಿಡಿಒ ನಕ್ಷೆಯ ಫೋಟೋ ತೆಗೆದುಕೊಂಡರು. ಎರಡು ತಿಂಗಳಲ್ಲಿ 17 ಕಂಬಕ್ಕೆ ಬೆಳಕು ಬಂತು. ಉಳಿದ ಆರಕ್ಕೆ ಮತ್ತೆ ಎರಡು ಸಲ ಅರ್ಜಿ ಕೊಟ್ಟೆವು. ಅದಾದ ಮೇಲೆ ಹುಡುಗಿಯರು ಹುಡುಗರು ಒಂದೇ ಮೇಜಿಗೆ ಕೂತರೆ ಯಾರೂ ಏನೂ ಅನ್ನಲಿಲ್ಲ.

ಕಷ್ಟಗಳನ್ನೂ ಹೇಳಬೇಕು. ರಾಷ್ಟ್ರೀಯ ಯುವ ನೀತಿ 2014ರ ಪ್ರಕಾರ 15ರಿಂದ 29 ವರ್ಷದವರು ಯುವಜನ. ಕಾಗದದ ಮೇಲೆ ಸರಿ. ಆದರೆ 15ರ ಹುಡುಗಿಯನ್ನೂ ಎರಡು ಮಕ್ಕಳ ತಂದೆಯಾದ 29ರವನನ್ನೂ ಒಂದೇ ತರಬೇತಿಯಲ್ಲಿ ಕೂರಿಸಿದರೆ ಇಬ್ಬರಿಗೂ ಏನೂ ಸಿಗಲ್ಲ. ನಾನು 15–18 ಬೇರೆ, ದೊಡ್ಡವರು ಬೇರೆ ಮಾಡಿದೆ. ದೊಡ್ಡವರಿಗೆ ಬೇಕಾಗಿದ್ದು ಉದ್ಯೋಗ, ಅರ್ಜಿ. 2023ರ ಕೊನೆಯಲ್ಲಿ ಯುವನಿಧಿ ನಿರುದ್ಯೋಗ ಭತ್ಯೆಗೆ ನೋಂದಣಿ ಶುರುವಾದಾಗ, 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆ ಕರೆದಾಗ ನನ್ನ ದಿನ ಪೂರ್ತಿ ಅರ್ಜಿ ತುಂಬೋದರಲ್ಲೇ ಹೋಗುತ್ತಿತ್ತು. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ ಬರುವ ವಿಷಯ, ಬೇಡ ಅನ್ನೋಕೆ ಆಗಲ್ಲ, ಅನ್ನಲೂಬಾರದು. ಆದರೆ ನಾನೇ ತುಂಬಿಕೊಟ್ಟರೆ ಮುಂದಿನ ಸಲವೂ ನನ್ನ ಹತ್ತಿರವೇ ಬರ್ತಾರೆ. ಹಾಗಾಗಿ ಒಂದು ನಿಯಮ ಮಾಡಿದೆ: ಅರ್ಜಿ ಹಾಕುವುದನ್ನು ಕಲಿತವರು ಇನ್ನಿಬ್ಬರಿಗೆ ಹಾಕಿಕೊಡಬೇಕು. ಇದು ಚೆನ್ನಾಗಿ ನಡೆಯಿತು.

ಮೊಬೈಲ್ ಆಟದ ಜೂಜು ನಾನು ತಡವಾಗಿ ಗಮನಿಸಿದ ವಿಷಯ. ಒಬ್ಬ ಹುಡುಗ ಮೆಣಸಿನಕಾಯಿ ಬಿಡಿಸಿ ಬಂದ ಕೂಲಿಯನ್ನೆಲ್ಲ ರಮ್ಮಿ ಆಪಿಗೆ ಹಾಕಿ ಕಳೆದಿದ್ದ. ಬೈದರೆ ಬಚ್ಚಿಡುತ್ತಾರೆ. ಅವನ ಜೊತೆ ಕೂತು ಮೂರು ತಿಂಗಳ ಯುಪಿಐ ಲೆಕ್ಕವನ್ನು ಹಾಳೆಯ ಮೇಲೆ ಬರೆಸಿದೆ, ಹೋದದ್ದು ಒಂದು ಕಡೆ, ಬಂದದ್ದು ಒಂದು ಕಡೆ. ಮೊತ್ತವನ್ನು ಅವನೇ ಕೂಡಿದ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಿದೆ. ಆದರೂ ಆ ಹಾಳೆ ಬರೆಸುವ ಕೆಲಸ ಬಿಟ್ಟಿಲ್ಲ.

ಇನ್ನೊಂದು ಇಂದಿಗೂ ಮನಸ್ಸಿಗೆ ಭಾರ. 16 ವರ್ಷದ ಒಬ್ಬಳು ಬರೋದು ನಿಲ್ಲಿಸಿದಳು. ಮದುವೆ ನಿಶ್ಚಯ ಆಗಿದೆ ಅಂತ ಗೆಳತಿಯರಿಂದ ಗೊತ್ತಾಯ್ತು. ಮನೆಗೆ ಹೋಗಿ ಕೇಳಿಕೊಂಡೆ, ಕೇಳಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆ ನಿಂತಿತು. ಆ ಮನೆಯವರು ಒಂದು ವರ್ಷ ನನ್ನ ಮುಖ ನೋಡಲಿಲ್ಲ, ಅವರ ಓಣಿಯ ನಾಲ್ಕು ಮಕ್ಕಳೂ ಬರೋದು ಬಿಟ್ಟರು. ಅದೇ ಪರಿಸ್ಥಿತಿ ಬಂದರೆ ಮತ್ತೆ ಫೋನ್ ಮಾಡ್ತೀನಿ. ಆದರೆ ಈಗ ಹುಡುಗಿ ಎರಡು ದಿನ ಬರದೇ ಇದ್ದರೆ ಮೂರನೇ ದಿನ ಅವಳ ಮನೆಯಲ್ಲಿರುತ್ತೇನೆ, ವಿಷಯ ಫೋನಿನವರೆಗೆ ಹೋಗುವ ಮೊದಲೇ.

ವರದಿ ಬರೆಯುವಾಗ ಎಷ್ಟು ಜನ ಬಂದರು, ಎಷ್ಟು ಫೋಟೋ ಅಂತ ಕೇಳುತ್ತಾರೆ. ನಾನು ಸಂಖ್ಯೆ ಕೊಡ್ತೀನಿ, ಜೊತೆಗೆ ಒಂದು ಪುಟ ಬೇರೆ ಬರೀತೀನಿ: ಈ ತಿಂಗಳು ಯಾರು ಯಾರಿಗೆ ಏನು ಕಲಿಸಿದರು ಅಂತ. ತಯಾರಾದವರು ಊರು ಬಿಟ್ಟು ಹೋಗೋದೂ ನಡೆದೇ ಇರುತ್ತೆ. ಗಣಿತ ಹೇಳಿಕೊಟ್ಟ ಡಿಗ್ರಿ ಹುಡುಗ ಈಗ ಕಾನ್ಸ್‌ಟೇಬಲ್, ಬೇರೆ ಜಿಲ್ಲೆಯಲ್ಲಿದ್ದಾನೆ. ಅದಕ್ಕೇ ಪ್ರತಿ ಕೆಲಸಕ್ಕೂ ಇಬ್ಬರನ್ನು ಇಡ್ತೀನಿ, ಒಬ್ಬರು ದೊಡ್ಡವರು, ಒಬ್ಬರು ಅವರಿಗಿಂತ ಎರಡು ಮೂರು ವರ್ಷ ಚಿಕ್ಕವರು.

ಕಂಬದ ಲೆಕ್ಕ ಓದಿದ ಹುಡುಗಿ ಈಗ ಹಾವೇರಿಯಲ್ಲಿ ಬಿ.ಎ. ಓದುತ್ತಿದ್ದಾಳೆ. ನಾಲ್ಕೂ ಇಪ್ಪತ್ತರ ಬಸ್ಸಿಗೆ ಇಳಿದು ನೇರ ಗ್ರಂಥಾಲಯಕ್ಕೆ ಬಂದು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಅನುಪಾತದ ಪಾಠ ಬಂದ ದಿನ ಗ್ಯಾರೇಜಿನಿಂದ ಒಂದು ಹಳೇ ಚೈನ್ ಸೆಟ್ ತರಿಸಿ ಮೇಜಿನ ಮೇಲೆ ಇಟ್ಟಿದ್ದಳು, ಕೆಳಗೆ ಪೇಪರ್ ಹಾಸಿ.