ಗುಂಪಿಗೆ ಯಾರು, ಒಬ್ಬೊಬ್ಬರಾಗಿ ಯಾರು

ಜಯನಗರದ ನನ್ನ ಚಿಕಿತ್ಸಾಲಯದಲ್ಲಿ ಮಂಗಳವಾರ ಸಂಜೆ ಖಿನ್ನತೆ ಇರುವವರ ಗುಂಪು ಸೇರುತ್ತದೆ. ಎಂಟು ಕುರ್ಚಿ, ಒಂದೂವರೆ ಗಂಟೆ. ಮೊದಮೊದಲು ಮಾತುಗಾರರನ್ನು ಗುಂಪಿಗೆ ಹಾಕಿ, ಸಂಕೋಚದವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ಅದು ನನ್ನ ದಡ್ಡತನ ಎಂದು ತೋರಿಸಿಕೊಟ್ಟವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹರಟೆಯಲ್ಲಿ ಅವರದು ಎತ್ತಿದ ಕೈ. ಗುಂಪಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿದರು. ತಮ್ಮ ಸರದಿ ಬಂದಾಗ ಮಾತ್ರ ಗಡಿಯಾರ ನೋಡಿಕೊಂಡು, “ನನ್ನದೇನಿದೆ ಮೇಡಂ, ಅವರು ಹೇಳಲಿ” ಎನ್ನುತ್ತಿದ್ದರು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಆರು ವಾರವಾದರೂ 27ರಲ್ಲಿ ಅವರ ಅಂಕ 17ರಿಂದ ಕದಲಲಿಲ್ಲ.

ಯೋಚನೆಯ ಧಾಟಿಯನ್ನು ತಿದ್ದಿ ಮನಸ್ಸನ್ನು ಹಗುರಗೊಳಿಸುವ ಕಾಗ್ನಿಟಿವ್ ಥೆರಪಿಯನ್ನು ರೂಪಿಸಿದ ಆರನ್ ಬೆಕ್ 1980ರ ದಶಕದಲ್ಲಿ ಎರಡು ಸ್ವಭಾವಗಳ ಬಗ್ಗೆ ಬರೆದಿದ್ದರು. ಕೆಲವರು ನಂಟು ಕಡಿದಾಗ ಕುಸಿಯುತ್ತಾರೆ. ಕೆಲವರು ಸಾಧನೆಗೋ ಸ್ವಾತಂತ್ರ್ಯಕ್ಕೋ ಪೆಟ್ಟು ಬಿದ್ದಾಗ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಈಗ ಎಲ್ಲರನ್ನೂ ಕೇಳುತ್ತೇನೆ: ಏನು ಕೈತಪ್ಪಿದ ಮೇಲೆ ನಿದ್ದೆ ಹೋಯಿತು? ನಂಟು ಎಂದವರು ಗುಂಪಿಗೆ, ಸಾಧನೆಯೋ ಸ್ವಾತಂತ್ರ್ಯವೋ ಎಂದವರು ಒಬ್ಬೊಬ್ಬರಾಗಿ.

“ನನ್ನ ಸಹಿಗೆ ಕಾಯುವವರು ಯಾರೂ ಇಲ್ಲ” ಎಂದರು ಮ್ಯಾನೇಜರ್. ಅವರನ್ನು ಒಬ್ಬರನ್ನೇ ಕೂರಿಸಿಕೊಂಡೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಹೇಳುವುದನ್ನು ಬಿಟ್ಟು ಖಾಲಿ ನೋಟ್‌ಬುಕ್ ಕೊಟ್ಟೆ. ಮರುವಾರ ಸ್ಕೇಲಿನಿಂದ ಗೆರೆ ಎಳೆದು ತಂದಿದ್ದರು: ದಿನ, ಕೆಲಸ, ಮನಸ್ಸಿಗೆ ಹತ್ತಕ್ಕೆ ಎಷ್ಟು. ಲಾಲ್‌ಬಾಗ್‌ಗೆ ನಡೆದ ದಿನಗಳ ಏರಿದ ಅಂಕಕ್ಕೆ ಕೆಂಪು ಶಾಯಿಯ ಗುರುತು. ನಾನು ಹೇಳಬೇಕೆಂದಿದ್ದುದನ್ನು ಅವರೇ ಲೆಕ್ಕ ಹಾಕಿ ಹಿಡಿದಿದ್ದರು.

ಹನುಮಂತನಗರದ ಗೃಹಿಣಿಯದು ಇದರ ತಿರುವುಮುರುವು. ಮಗಳು ಮದುವೆಯಾಗಿ ದೂರ ಹೋದ ಮೇಲೆ ಮಂಕಾದವರು. ನಾಚಿಕೆಯ ಸ್ವಭಾವವೆಂದು ಒಬ್ಬರನ್ನೇ ನೋಡುತ್ತಿದ್ದೆ. ಹೇಳಿದ ಅಭ್ಯಾಸವನ್ನೆಲ್ಲ ಚಾಚೂ ತಪ್ಪದೆ ಮಾಡಿ ತರುತ್ತಿದ್ದರು. ಏಕೆಂದು ಕೇಳಿದರೆ, “ಮಾಡದಿದ್ದರೆ ನಿಮಗೆ ಬೇಜಾರಾಗುತ್ತದಲ್ಲ!” ಮಗಳ ಜಾಗದಲ್ಲಿ ನನ್ನನ್ನು ಕೂರಿಸಿದ್ದರು. ಗುಂಪಿಗೆ ಕಳಿಸಿದೆ. ಎರಡು ವಾರ ಬಾಯಿ ಬಿಡಲಿಲ್ಲ. ಮೂರನೆಯ ವಾರ ಡಬ್ಬಿ ತುಂಬ ಕೋಡುಬಳೆ ಬಂತು. ಹಾಗೆಂದು ಅವರ ಅಂಕ ಅಂದೇ ಇಳಿಯಲಿಲ್ಲ, ಎರಡು ತಿಂಗಳು ಹಿಡಿಯಿತು.

ಸ್ವಭಾವಕ್ಕೆ ತಕ್ಕ ಚಿಕಿತ್ಸೆ ಎಂಬುದಕ್ಕೆ ಸಂಶೋಧನೆಯ ಬೆಂಬಲ ಗಟ್ಟಿಯಾಗೇನೂ ಇಲ್ಲ. ಆದ್ದರಿಂದ ನಾಲ್ಕನೆಯ ವಾರ ಅಂಕ ನೋಡಿ, ಕದಲದಿದ್ದರೆ ಬದಲಿಸುತ್ತೇನೆ. ಅದೇ ಪ್ರಶ್ನಾವಳಿಯಲ್ಲಿ ಸಾಯುವ ಯೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಈ ಲೆಕ್ಕಾಚಾರವೆಲ್ಲ ಬದಿಗೆ. ಮೊದಲು ಅದನ್ನೇ ಬಿಡಿಸಿ ಕೇಳಿ, ಮನೋವೈದ್ಯರನ್ನು ಸಂಪರ್ಕಿಸುತ್ತೇನೆ.

ಮೊನ್ನೆ ಮ್ಯಾನೇಜರ್ ನೋಟ್‌ಬುಕ್ ಮುಚ್ಚುತ್ತ, “ಮಂಗಳವಾರದವರೆಲ್ಲ ಹೇಗಿದ್ದಾರೆ?” ಎಂದು ಕೇಳಿದರು. ಹೇಳುವಂತಿರಲಿಲ್ಲ. ಒಂದು ಕುರ್ಚಿ ಖಾಲಿ ಇದೆ ಎಂದಷ್ಟೇ ಹೇಳಿದೆ.