ಸಿಎಸ್‌ಆರ್ ಒಪ್ಪಂದ: ಕೊನೆಯ ಪುಟದಿಂದ ಓದಲು ಶುರುಮಾಡಿ

ಊರಿನ ಸರ್ಕಾರಿ ಶಾಲೆಗೆ ಎರಡು ಕೊಠಡಿ, ಒಂದು ಶೌಚಾಲಯ, ಒಂದು ಸ್ಮಾರ್ಟ್ ಬೋರ್ಡ್ ಬೇಕು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಟ್ಟಿಕೊಂಡ ಟ್ರಸ್ಟ್ ಇದೆ. ನಿಮ್ಮೂರಿನವರೇ ಒಬ್ಬರು ಬೆಂಗಳೂರಿನ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಅವರ ಮೂಲಕ ಮಾತುಕತೆ ನಡೆದು ಕಂಪನಿ ತನ್ನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಬಾಬತ್ತಿನಿಂದ ದುಡ್ಡು ಕೊಡಲು ಒಪ್ಪಿದೆ. ಎಲ್ಲರಿಗೂ ಖುಷಿ. ಆಮೇಲೆ ಒಂದು ಸಂಜೆ ಮೇಲ್ ಬರುತ್ತದೆ. ಇಪ್ಪತ್ತೆರಡು ಪುಟಗಳ ಇಂಗ್ಲಿಷ್ ಒಪ್ಪಂದ. ‘ನಾಳೆಯೊಳಗೆ ಸಹಿ ಮಾಡಿ ಕಳಿಸಿ ಸರ್.’

ಹೆಚ್ಚಿನವರು ಕಳಿಸಿಬಿಡುತ್ತಾರೆ. ನಾವೂ ಮೊದಲ ಸಲ ಹಾಗೇ ಮಾಡಿದೆವು. ಕೊಡುವವರೇ ಬರೆದಿದ್ದಾರೆ, ನಾವೇನು ತಕರಾರು ತೆಗೆಯುವುದು ಅನ್ನುವ ಸಂಕೋಚ. ಆ ಸಂಕೋಚದಿಂದ ನಮ್ಮ ಟ್ರಸ್ಟಿನ ಕೈಯಿಂದ 38 ಸಾವಿರ ರೂಪಾಯಿ ಹೋಯಿತು. ಆ ಕಥೆ ಮುಂದೆ ಬರುತ್ತದೆ.

ಮೊದಲು, ಕಂಪನಿಯ ತಲೆನೋವು ತಿಳಿಯಿರಿ

ಸಿಎಸ್‌ಆರ್ ಹಣ ಅಂದರೆ ದಾನ ಅಂತಲೇ ಊರಲ್ಲಿ ಮಾತು. ಅದು ದಾನವಲ್ಲ, ಕಾನೂನಿನ ಪ್ರಕಾರ ಲೆಕ್ಕ ಕೊಡಬೇಕಾದ ಖರ್ಚು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ನೋಡಿ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಲೇಬೇಕು. ಇದು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ನಿಮಗೆ ಹಣ ವರ್ಗಾಯಿಸಿದ ಕೂಡಲೇ ಕಂಪನಿಯ ಜವಾಬ್ದಾರಿ ಮುಗಿಯುವುದಿಲ್ಲ. ನೀವು ಅದನ್ನು ಕೆಲಸಕ್ಕೆ ಬಳಸಿದ ಮೇಲೆಯೇ ಅದು ‘ಖರ್ಚು’ ಎಂದು 2021ರ ಆಗಸ್ಟ್‌ನಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಹಣ ಹೇಳಿದ ಕೆಲಸಕ್ಕೇ ಹೋಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣಪತ್ರ ಕೊಡಬೇಕು. ಹಲವು ವರ್ಷ ನಡೆಯುವ ಯೋಜನೆಯಾದರೆ, ಉಳಿದ ಹಣವನ್ನು ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿಡಬೇಕು. ಅಂಥ ಯೋಜನೆ ಅಲ್ಲದಿದ್ದರೆ ಆರು ತಿಂಗಳೊಳಗೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಮಾರ್ಚ್ ಬಂತೆಂದರೆ ‘ಬಿಲ್ ಕಳಿಸಿ, ಬಿಲ್ ಕಳಿಸಿ’ ಎಂದು ಫೋನ್ ಬರುವುದು ಅದಕ್ಕೇ. ಆ ಕಡೆಯ ಹುಡುಗನ ಮೇಲೆ ಸಿಟ್ಟಾಗಬೇಡಿ.

ಇದು ಗೊತ್ತಿದ್ದರೆ ಒಪ್ಪಂದದ ಅರ್ಧ ಸಾಲುಗಳು ತಾವಾಗಿಯೇ ಅರ್ಥವಾಗುತ್ತವೆ. ಅಂದಹಾಗೆ, ನಿಮ್ಮ ಟ್ರಸ್ಟ್ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಅದಿಲ್ಲದೆ ಮಾತುಕತೆಗೆ ಕೂರುವುದೇ ವ್ಯರ್ಥ.

ಅನುಬಂಧ ಮೊದಲು, ಒಪ್ಪಂದ ಆಮೇಲೆ

ಒಪ್ಪಂದದ ಮೊದಲ ಹತ್ತು ಹನ್ನೆರಡು ಪುಟಗಳಲ್ಲಿ ವಕೀಲರ ಭಾಷೆ ಇರುತ್ತದೆ. ಅದು ಎಲ್ಲ ಒಪ್ಪಂದಗಳಲ್ಲೂ ಹೆಚ್ಚೂಕಡಿಮೆ ಒಂದೇ. ನಿಮ್ಮ ಊರು, ನಿಮ್ಮ ಶಾಲೆ, ನಿಮ್ಮ ದುಡ್ಡಿನ ವಿಷಯ ಇರುವುದು ಕೊನೆಯ ಅನುಬಂಧಗಳಲ್ಲಿ. ಕೆಲಸದ ಪಟ್ಟಿ, ಬಜೆಟ್, ಕಂತುಗಳ ದಿನಾಂಕ, ವರದಿಯ ನಮೂನೆ ಎಲ್ಲ ಅಲ್ಲಿವೆ. ಓದುವುದನ್ನು ಅಲ್ಲಿಂದ ಶುರುಮಾಡಿ. ಆಮೇಲೆ ಮೊದಲ ಪುಟಗಳಿಗೆ ಬಂದು, ಒಪ್ಪಂದಕ್ಕೂ ಅನುಬಂಧಕ್ಕೂ ಹೊಂದಿಕೆ ಆಗದಿದ್ದರೆ ಯಾವ ಮಾತು ನಡೆಯುತ್ತದೆ ಎಂಬ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಇರುತ್ತದೆ.

ಇನ್ನೊಂದು ಕೆಲಸ. ಊರಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಮೇಷ್ಟ್ರನ್ನೋ ವಕೀಲರನ್ನೋ ಕೂರಿಸಿ, ಕನ್ನಡದಲ್ಲಿ ಎರಡು ಪುಟದ ಸಾರಾಂಶ ಬರೆಸಿ. ಅದನ್ನು ಟ್ರಸ್ಟಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ. ನಾಳೆ ‘ನಮಗೆ ಗೊತ್ತೇ ಇರಲಿಲ್ಲ’ ಅಂತ ಯಾರೂ ಅನ್ನಬಾರದು.

ಯಾರ ಕೆಲಸ ಯಾರದು

‘ಟ್ರಸ್ಟ್ ಅಗತ್ಯ ಸಹಕಾರ ನೀಡುವುದು.’ ಇಂಥ ಸಾಲು ಕಂಡರೆ ನಿಲ್ಲಿ. ಸಹಕಾರ ಅಂದರೆ ಏನು? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಅನುಮತಿ ತರುವುದೇ? ಹಳೆಯ ಕೊಠಡಿ ಕೆಡವುವ ಖರ್ಚೇ? ಕರೆಂಟ್ ಕನೆಕ್ಷನ್‌ಗೆ ಓಡಾಡುವುದೇ? ಎಲ್ಲರ ಕೆಲಸ ಅಂತ ಬರೆದದ್ದು ಕೊನೆಗೆ ಟ್ರಸ್ಟಿನ ಕಾರ್ಯದರ್ಶಿಯ ಬೈಕಿನ ಮೇಲೆ ಬಂದು ಕೂರುತ್ತದೆ.

ಒಂದು ಹಾಳೆ ತೆಗೆದುಕೊಂಡು ಕೆಲಸಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಪ್ರತಿಯೊಂದರ ಎದುರು ಒಬ್ಬರ ಹೆಸರಷ್ಟೇ ಇರಲಿ, ಜತೆಗೆ ದಿನಾಂಕ. ‘ನೀಲನಕ್ಷೆ ಮತ್ತು ಅಂದಾಜು ಪಟ್ಟಿಗೆ ಎಂಜಿನಿಯರ್ ಸಹಿ: ಟ್ರಸ್ಟ್. ಅದಕ್ಕೆ ಒಪ್ಪಿಗೆ: ಕಂಪನಿ, ಕಳಿಸಿದ 10 ದಿನಗಳಲ್ಲಿ.’ ಆ ಹತ್ತು ದಿನ ಅನ್ನುವುದನ್ನು ಬಿಡಬೇಡಿ. ನಿಮಗೆ ಗಡುವು ಹಾಕುವ ಒಪ್ಪಂದ ಕಂಪನಿಗೂ ಗಡುವು ಹಾಕಬೇಕಲ್ವಾ? ಒಪ್ಪಿಗೆಗೆ ಕಾದು ಮಳೆಗಾಲ ಬಂದರೆ, ಆ ವಿಳಂಬ ನಿಮ್ಮ ಲೆಕ್ಕಕ್ಕೆ ಬರಬಾರದು.

ಶಾಲೆ ಈ ಒಪ್ಪಂದಕ್ಕೆ ಸಹಿ ಹಾಕುವುದೇ ಅಪರೂಪ. ಆದರೆ ಜಾಗ ಇಲಾಖೆಯದ್ದು, ಮಕ್ಕಳು ಶಾಲೆಯವರು. ಹಾಗಾಗಿ ಇಲಾಖೆಯ ಅನುಮತಿ ಪತ್ರ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯದ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಿ. ಬಾಯಿ ಮಾತಿನ ಒಪ್ಪಿಗೆ ಹೆಡ್‌ಮಾಸ್ಟರ್ ವರ್ಗಾವಣೆಯ ಜತೆಗೇ ಹೋಗಿಬಿಡುತ್ತದೆ.

ಯಾವ ಖರ್ಚು ‘ಖರ್ಚು’?

ಜಗಳ ಹುಟ್ಟುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ನಮ್ಮ 38 ಸಾವಿರದ ಕಥೆ ಹೀಗೆ. ಕಂಪನಿ ಒಪ್ಪಿದ್ದು ಏಪ್ರಿಲ್ ಕೊನೆಯಲ್ಲಿ. ಮಳೆ ಬರುವ ಮುಂಚೆ ಪಾಯ ತೆಗೆಸಿಬಿಡೋಣ ಎಂದು ಜೆಸಿಬಿ ಕರೆಸಿ ಅಗೆಸಿದೆವು. ಪಾಯಕ್ಕೆ ಕಲ್ಲನ್ನೂ ಇಳಿಸಿಕೊಂಡೆವು. ಒಪ್ಪಂದಕ್ಕೆ ಸಹಿ ಬಿದ್ದದ್ದು ಮೇ ಮೂರನೇ ವಾರ. ‘ಒಪ್ಪಂದ ಜಾರಿಗೆ ಬಂದ ದಿನಾಂಕದ ನಂತರದ ಖರ್ಚು ಮಾತ್ರ’ ಎಂದು ಹದಿನೆಂಟನೇ ಪುಟದಲ್ಲಿ ಒಂದು ಸಾಲು ಇತ್ತು. ನಾವು ನೋಡಿರಲಿಲ್ಲ. ಜೆಸಿಬಿ ಬಿಲ್ಲೂ ಕಲ್ಲಿನ ಬಿಲ್ಲೂ ಬದಿಗೆ ಸರಿದವು. ಪಾಯ ಕಣ್ಣೆದುರೇ ಇದೆ, ಅದರ ಮೇಲೆ ಗೋಡೆ ಎದ್ದಿದೆ, ಆದರೂ ಲೆಕ್ಕಕ್ಕಿಲ್ಲ. ಕಂಪನಿಯವರದು ತಪ್ಪು ಅನ್ನಲಾರೆ. ಸಾಲು ಅಲ್ಲೇ ಇತ್ತು.

ಹಾಗಾಗಿ ಪ್ರತಿ ಖರ್ಚಿಗೂ ಮೊದಲು ದಿನಾಂಕ ಕೇಳಿ. ಕೆಲಸ ಬೇಗ ಶುರುಮಾಡಲೇಬೇಕಿದ್ದರೆ ‘ಇಂಥ ದಿನಾಂಕದಿಂದ ಮಾಡಿದ ಪಾಯದ ಖರ್ಚು ಒಪ್ಪಿಗೆ’ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕೇಳಿದರೆ ಎಷ್ಟೋ ಕಂಪನಿಗಳು ಇಲ್ಲ ಅನ್ನುವುದಿಲ್ಲ.

ಆಮೇಲೆ ಬಜೆಟ್ಟಿನ ಬಾಬತ್ತು. ಸಿಮೆಂಟಿಗೆ ಬರೆದ ಹಣದಲ್ಲಿ ಉಳಿತಾಯ ಆಯಿತು, ಅದನ್ನು ಟೈಲ್ಸಿಗೆ ಹಾಕಿದೆವು ಅಂದರೆ ಅದೂ ಆಕ್ಷೇಪಣೆಯೇ. ಬೆಲೆ ನಿಮ್ಮ ಕೈಯಲ್ಲಿರುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕೂ ಮುಂಚೆ ಮಾಡಿದ ಅಂದಾಜು ಪಟ್ಟಿಯ ಲೆಕ್ಕ ಆವತ್ತೇ ಹಳತಾಯಿತು. ಅದಕ್ಕೆ ‘ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಶೇ 10ರವರೆಗೆ ಟ್ರಸ್ಟೇ ಬದಲಾಯಿಸಬಹುದು, ಅದಕ್ಕಿಂತ ಜಾಸ್ತಿಯಾದರೆ ಇಮೇಲ್ ಒಪ್ಪಿಗೆ ಸಾಕು’ ಎಂಬ ಸಾಲು ಹಾಕಿಸಿ. ಹಾಗೇ ಬಜೆಟ್ಟಿನ ಮೊತ್ತ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅನ್ನುವುದನ್ನೂ. ಜಿಎಸ್‌ಟಿ ನೋಂದಣಿ ಇಲ್ಲದ ಟ್ರಸ್ಟಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ. ಅದು ಪೂರ್ತಿ ನಿಮ್ಮ ಖರ್ಚೇ.

ಮೂರನೆಯದು ದಾಖಲೆ. ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಪ್ರತಿ ಖರ್ಚಿಗೂ ಜಿಎಸ್‌ಟಿ ಬಿಲ್ ಬೇಕು. ಊರಲ್ಲಿ ಟ್ರ್ಯಾಕ್ಟರ್‌ನಲ್ಲಿ ಕಲ್ಲು ತರುವವನ ಹತ್ತಿರ ಬಿಲ್ ಪುಸ್ತಕ ಎಲ್ಲಿರುತ್ತದೆ? ಇದಕ್ಕೆ ದಾರಿ ಇದೆ. ಬಿಲ್ ಸಿಗದ ಕಡೆ ಟ್ರಸ್ಟಿನ ವೋಚರ್ ನಡೆಯುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ. ವೋಚರ್‌ನಲ್ಲಿ ಗಾಡಿ ನಂಬರ್, ಎಷ್ಟು ಲೋಡು, ದರ, ತಂದವನ ಸಹಿ ಇರಲಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಅಂಟಿಸಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಕೂಲಿಗೆ ಹಾಜರಿ ಪುಸ್ತಕ ಇಡಿ.

ಇನ್ನು ಸಂಬಳ. ‘ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮಾತ್ರ, ನಿಮ್ಮ ಸೈಟ್ ಸೂಪರ್‌ವೈಸರ್ ಸಂಬಳ ಅದರಲ್ಲೇ ಹೊಂದಿಸಿ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ನಿಯಮದಲ್ಲಿರುವ ಶೇ 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯ ವಿನ್ಯಾಸ, ಜಾರಿ, ಉಸ್ತುವಾರಿಗೆ ನೇರವಾಗಿ ಆಗುವ ಖರ್ಚು ಆ ಮಿತಿಯೊಳಗೆ ಬರುವುದಿಲ್ಲ. ಸೂಪರ್‌ವೈಸರ್‌ಗೆ, ಲೆಕ್ಕ ಬರೆಯುವವರಿಗೆ, ಆಡಿಟರ್‌ಗೆ ಬಜೆಟ್ಟಿನಲ್ಲಿ ಒಂದೊಂದು ಸಾಲು ಕೇಳಿ. ಸುಮ್ನೆ ಸಂಕೋಚ ಪಟ್ಟರೆ ಆ ಹಣ ನಿಮ್ಮ ಜೇಬಿನಿಂದ ಹೋಗುತ್ತದೆ.

ಹೆಚ್ಚಿನವರು ಮರೆಯುವ ಎರಡು ವಿಷಯ ಇವೆ. ಯೋಜನೆಯ ಹಣ ಬ್ಯಾಂಕಿನಲ್ಲಿ ಇದ್ದಷ್ಟು ದಿನ ಬಡ್ಡಿ ಬರುತ್ತದಲ್ಲ, ಅದು ನಿಮ್ಮ ಗಣೇಶೋತ್ಸವಕ್ಕಲ್ಲ. ಅದು ಯೋಜನೆಯ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಬೇರೆ ಖಾತೆ ತೆರೆಯಿರಿ. ಇನ್ನೊಂದು, ಕಂಪನಿಯ ನೌಕರರು ಒಂದು ಶನಿವಾರ ಬಂದು ಗೋಡೆಗೆ ಬಣ್ಣ ಬಳಿದು ಹೋದರೆ ಆ ಶ್ರಮಕ್ಕೆ ಬೆಲೆ ಕಟ್ಟಿ ಬಜೆಟ್ಟಿನಲ್ಲಿ ಕಳೆಯುವಂತಿಲ್ಲ. ವಸ್ತು ಮತ್ತು ಶ್ರಮವನ್ನು ಹಣವಾಗಿ ಲೆಕ್ಕ ಹಾಕಲು ಸಚಿವಾಲಯದ ಒಪ್ಪಿಗೆ ಇಲ್ಲ. ಬಣ್ಣದ ದಿನದ ಊಟ ಯಾರು ಕೊಡಿಸಬೇಕು ಎಂದು ಮೊದಲೇ ಕೇಳಿಕೊಳ್ಳಿ. ನಾವು ಕೇಳಿಕೊಳ್ಳದೆ ಅರವತ್ತು ಜನಕ್ಕೆ ಚಿತ್ರಾನ್ನ, ಕೇಸರಿಬಾತ್ ಮಾಡಿಸಿದ್ದೆವು.

ಮಾಹಿತಿ: ನಿಮ್ಮದು ಯಾವುದು, ಮಕ್ಕಳದು ಯಾವುದು

‘ಗೋಪ್ಯತೆ’ ಎಂಬ ಭಾಗವನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಅಲ್ಲಿ ಮೂರು ಬಗೆಯ ಮಾಹಿತಿ ಒಂದರೊಳಗೊಂದು ಕಲಸಿರುತ್ತದೆ. ಬಿಡಿಸಿಕೊಳ್ಳಿ.

ಯೋಜನೆಗೂ ಮುಂಚೆ ನೀವು ಮಾಡಿಟ್ಟದ್ದು ಒಂದು. ನಿಮ್ಮ ಟ್ರಸ್ಟ್ ವರ್ಷಗಟ್ಟಲೆ ಕೂತು ಕನ್ನಡ ಓದಿಸುವ ಕಾರ್ಡುಗಳನ್ನು ತಯಾರಿಸಿರಬಹುದು. ‘ಯೋಜನೆಯಲ್ಲಿ ಬಳಸಿದ ಎಲ್ಲ ಸಾಮಗ್ರಿ ಕಂಪನಿಯ ಸ್ವತ್ತು’ ಎಂಬ ಸಾಲಿಗೆ ಸಹಿ ಹಾಕಿದರೆ ಆ ಕಾರ್ಡುಗಳನ್ನು ಪಕ್ಕದ ಊರಿನಲ್ಲಿ ಬಳಸಲೂ ಅನುಮತಿ ಕೇಳಬೇಕಾದೀತು. ಹಳೆಯ ಸಾಮಗ್ರಿಯ ಪಟ್ಟಿ ಮಾಡಿ ಅನುಬಂಧಕ್ಕೆ ಸೇರಿಸಿ, ಇದು ಟ್ರಸ್ಟಿನದೇ, ಕಂಪನಿ ವರದಿಗೆ ಬಳಸಬಹುದು ಎಂದು ಬರೆಯಿರಿ. ಯೋಜನೆಯಲ್ಲಿ ಹೊಸದಾಗಿ ಹುಟ್ಟುವ ಸಮೀಕ್ಷೆ, ಪಾಠ, ವಿಡಿಯೊ ಇಬ್ಬರೂ ಬಳಸುವಂತಿರಲಿ.

ಮಕ್ಕಳ ಮಾಹಿತಿ ಮಾತ್ರ ಬೇರೆಯೇ. ಹೆಸರು, ಜಾತಿ, ಆಧಾರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ) ಸಂಖ್ಯೆ, ಪೋಷಕರ ಫೋನ್ ನಂಬರ್ ಎಲ್ಲ ಇರುವ ಎಕ್ಸೆಲ್ ಹಾಳೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೇ ಎಂದು ಪರೀಕ್ಷಿಸುವಂತಿರಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಆದರೆ ಅಷ್ಟು ಹೊತ್ತು ಕಾಯುವುದೇಕೆ?

ಕಂಪನಿಗೆ ಬೇಕಾದದ್ದು ಸಾಮಾನ್ಯವಾಗಿ ಸಂಖ್ಯೆ. ಎಷ್ಟು ಮಕ್ಕಳು, ಎಷ್ಟು ಹುಡುಗಿಯರು, ಹಾಜರಾತಿ ಎಷ್ಟು. ಅಷ್ಟನ್ನೇ ಕೊಡಿ. ಹೆಸರಿನ ಪಟ್ಟಿ ಶಾಲೆಯಲ್ಲಿರಲಿ, ಪರಿಶೀಲನೆಗೆ ಬಂದವರು ಅಲ್ಲೇ ನೋಡಿ ಹೋಗಲಿ. ಫೋಟೊಗೆ ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾಡಿಸಿ. ಬೇಡ ಅಂದ ಮಗುವನ್ನು ಫೋಟೊದಿಂದ ಹೊರಗಿಡಬಹುದು, ಕೊಠಡಿಯಿಂದ ಅಲ್ಲ.

ಉದ್ಘಾಟನೆಯ ಮರುದಿನ

ಕಟ್ಟಡ, ಬೋರ್ಡು, ಬೆಂಚು ಯಾರ ಹೆಸರಿಗೆ? ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ನಿಯಮದ ಪ್ರಕಾರ ಆಸ್ತಿ ಸಿಎಸ್‌ಆರ್ ನೋಂದಣಿ ಇರುವ ಸಂಸ್ಥೆಗೆ, ಫಲಾನುಭವಿಗಳ ಗುಂಪಿಗೆ ಅಥವಾ ಸರ್ಕಾರಿ ಪ್ರಾಧಿಕಾರಕ್ಕೆ ಸೇರಬೇಕು. ಸರ್ಕಾರಿ ಶಾಲೆಯ ಕೊಠಡಿ ಇಲಾಖೆಗೇ ಹೋಗುವುದು ಸಹಜ. ಹಸ್ತಾಂತರ ಪತ್ರಕ್ಕೆ ಕಂಪನಿ, ಟ್ರಸ್ಟ್, ಶಾಲೆ ಮೂವರ ಸಹಿ ಹಾಕಿಸಿ, ಶಾಲೆಯ ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದೊಂದು ಸಾಮಾನನ್ನೂ ಏರಿಸಿ. ಕಂಪನಿಯ ಕೊನೆಯ ಕಂತು ಹಲವು ಸಲ ಈ ಪತ್ರಕ್ಕೇ ಕಾದಿರುತ್ತದೆ.

ನಮ್ಮ ಮೊದಲ ಯೋಜನೆಯ ಸ್ಮಾರ್ಟ್ ಬೋರ್ಡು ಮೂರನೇ ವರ್ಷಕ್ಕೆ ಬಟ್ಟೆ ಹೊದ್ದು ಕೂತಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಹೊಸದನ್ನು ಯಾರು ತರಬೇಕು ಎಂದು ಇಪ್ಪತ್ತೆರಡು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಎರಡನೇ ಒಪ್ಪಂದದಲ್ಲಿ ನಾವೇ ಒಂದು ಸಾಲು ಸೇರಿಸಿದೆವು: ‘ಮೊದಲ ಮೂರು ವರ್ಷದ ಬ್ಯಾಟರಿ ಮತ್ತು ರಿಪೇರಿಯ ಹಣ ಯೋಜನೆಯ ಬಜೆಟ್ಟಿನಲ್ಲೇ ಸೇರಿದೆ, ಆಮೇಲೆ ಎಸ್‌ಡಿಎಂಸಿ.’ ಕಂಪನಿಯವರು ಒಂದೇ ಒಂದು ಪ್ರಶ್ನೆ ಕೇಳಿದರು, ಬ್ಯಾಟರಿ ಎಷ್ಟು ಎಎಚ್‌ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ನದು ಅಂತ.