ಧ್ವನಿ ಮಾತ್ರ ಉಳಿದ ಕಂತಿಗೆ ಚಿತ್ರ ಬರೆದ ಅನುಭವ

ಕಾಲಯಂತ್ರದಲ್ಲಿ ಅಲೆಯುವ ‘ಡಾಕ್ಟರ್’ ಎಂಬಾತನ ಕಥೆ ಹೇಳುವ ಬ್ರಿಟಿಷ್ ಟಿ.ವಿ. ಧಾರಾವಾಹಿ ‘ಡಾಕ್ಟರ್ ಹೂ’. ಅದರ ಮೊದಲ ಆರು ವರ್ಷಗಳಲ್ಲಿ (1963–69) ಬಿಬಿಸಿ 253 ಕಂತುಗಳನ್ನು ಪ್ರಸಾರ ಮಾಡಿತು. ಅವುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಂತುಗಳು ಕಳೆದುಹೋಗಿವೆ. ಆಗ ವಿಡಿಯೊ ಟೇಪು ದುಬಾರಿ. ಒಂದು ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುತ್ತಿದ್ದರು. ವಿದೇಶಕ್ಕೆ ಮಾರಲು ಮಾಡಿಸಿದ್ದ ಫಿಲ್ಮ್ ಪ್ರತಿಗಳನ್ನೂ ಮಾರಾಟದ ಅವಧಿ ಮುಗಿದ ಮೇಲೆ ನಾಶ ಮಾಡಲಾಯಿತು. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದ ಕೆಲವು ಹುಡುಗರು ತಮ್ಮ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟುಕೊಂಡಿದ್ದರು. ಆ ಧ್ವನಿಗೆ ಅನಿಮೇಷನ್ ಜೋಡಿಸುವ ಕೆಲಸ 2006ರಲ್ಲಿ ‘ದಿ ಇನ್ವೇಷನ್’ ಕಥೆಯ ಎರಡು ಕಂತುಗಳಿಂದ ಆರಂಭವಾಯಿತು. 2016ರಲ್ಲಿ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯ ಆರೂ ಕಂತುಗಳು ಹೀಗೆ ಮರಳಿ ಬಂದವು. ಅದನ್ನು ನೋಡಿದ ಮೇಲೆ, ವೃತ್ತಿಯಿಂದ ಅನಿಮೇಟರ್ ಆದ ನನಗೆ ಇದನ್ನು ನಾನೇ ಮಾಡಿ ಕಲಿಯಬೇಕೆನಿಸಿತು. ಹಕ್ಕು ಬಿಬಿಸಿಯದ್ದು, ಹಾಗಾಗಿ ನಾನು ಮಾಡಿದ್ದು ಕಲಿಕೆಗಷ್ಟೇ, ಹೊರಗೆ ಬಿಟ್ಟಿಲ್ಲ.

ನಾನು ಆಯ್ದುಕೊಂಡದ್ದು 1964ರ ‘ಮಾರ್ಕೋ ಪೋಲೋ’. ಡಾಕ್ಟರನೂ ಅವನ ಜೊತೆಗಾರರೂ ಹದಿಮೂರನೆಯ ಶತಮಾನದ ಮಧ್ಯ ಏಷ್ಯಾದಲ್ಲಿ ಸಿಕ್ಕಿಕೊಂಡು, ಮಾರ್ಕೋ ಪೋಲೋನ ಸಾರ್ಥದೊಂದಿಗೆ ಗೋಬಿ ಮರುಭೂಮಿ ದಾಟಿ ಕುಬ್ಲಾಯ್ ಖಾನನ ಆಸ್ಥಾನ ತಲಪುವ ಏಳು ಕಂತುಗಳ ಕಥೆ. ಅದರ ಒಂದು ಅಡಿ ಫಿಲ್ಮೂ ಎಲ್ಲಿಯೂ ಸಿಕ್ಕಿಲ್ಲ. ಏಳರಲ್ಲಿ ಆರು ಕಂತುಗಳನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಧಾರಾವಾಹಿಯ ಮೊಟ್ಟಮೊದಲ ಕಂತೂ ಅವರದೇ. ಇಪ್ಪತ್ತೈದರ ವಯಸ್ಸಿನಲ್ಲಿ ಲಂಡನ್ನಿನ ಇಕ್ಕಟ್ಟಾದ ಲೈಮ್ ಗ್ರೋವ್ ಸ್ಟುಡಿಯೋದೊಳಗೆ ಪಾಮೀರ್ ಪರ್ವತವನ್ನೂ ಮರಳುಗಾಡಿನ ಬಿರುಗಾಳಿಯನ್ನೂ ಕಟ್ಟಿ ನಿಲ್ಲಿಸಿದ ಆ ಯುವಕನ ಕೆಲಸ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂಬ ಸಂಕಟವೇ ನನ್ನ ಆಯ್ಕೆಗೆ ಕಾರಣ.

ಕೈಯಲ್ಲಿದ್ದ ಸಾಮಗ್ರಿಯಲ್ಲಿ ಧ್ವನಿಯ ನಂತರದ ಸ್ಥಾನ ಟೆಲಿಸ್ನ್ಯಾಪುಗಳದು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಪ್ರಸಾರದ ಹೊತ್ತಿಗೆ ಟಿ.ವಿ. ಪರದೆಯನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದು, ಆ ಪುಟ್ಟ ಪುಟ್ಟ ಚಿತ್ರಗಳನ್ನು ನಿರ್ದೇಶಕರಿಗೂ ನಟರಿಗೂ ಮಾರುತ್ತಿದ್ದರು. ಹುಸೇನ್ ತಮ್ಮ ಕಂತುಗಳ ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಅವು ಇಂದು ನಮಗೆ ಸಿಕ್ಕಿವೆ. ಇಪ್ಪತ್ತೈದು ನಿಮಿಷದ ಕಂತಿಗೆ ಸುಮಾರು ಅರವತ್ತು ಎಪ್ಪತ್ತು ಚಿತ್ರಗಳೆಂದರೆ ಇಪ್ಪತ್ತು ಚಿಲ್ಲರೆ ಸೆಕೆಂಡಿಗೆ ಒಂದು. ನಡುವೆ ಯಾರು ಎದ್ದರು, ಯಾರು ತಿರುಗಿದರು, ಕ್ಯಾಮೆರಾ ಯಾರ ಮುಖದ ಮೇಲಿತ್ತು ಎಂಬುದನ್ನು ಅವು ಹೇಳುವುದಿಲ್ಲ.

ಹೇಳುವುದು ಧ್ವನಿ. ನಾನು ಕರಾವಳಿಯವನು, ತಾಳಮದ್ದಳೆ ಕೇಳಿ ಬೆಳೆದವನು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ನಡೆಯುವ ವಾಗ್ವಾದದಲ್ಲಿ ಇಡೀ ಕುರುಕ್ಷೇತ್ರವನ್ನು ಕಂಡ ಕಿವಿಗೆ ಈ ಕೆಲಸ ಅಪರಿಚಿತವೆನಿಸಲಿಲ್ಲ. ಮೊದಲು ಪೆನ್ಸಿಲ್ ಮುಟ್ಟದೆ ಹೆಡ್‌ಫೋನ್ ಹಾಕಿಕೊಂಡು ದೃಶ್ಯವನ್ನು ಮತ್ತೆ ಮತ್ತೆ ಕೇಳಿ, ಕೇಳಿಸಿದ್ದನ್ನೆಲ್ಲ ಬರೆದುಕೊಂಡೆ. ಹೆಜ್ಜೆಗಳ ಸದ್ದಿನಿಂದ ಎಷ್ಟು ಜನ ಚಲಿಸುತ್ತಿದ್ದಾರೆಂಬುದು ತಿಳಿಯುತ್ತದೆ. ಆ ಕಾಲದಲ್ಲಿ ಮೈಕನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ ನಟರ ತಲೆಯ ಮೇಲೆ ಹಿಡಿಯುತ್ತಿದ್ದರು. ಚೌಕಟ್ಟು ಅಗಲವಾದಷ್ಟೂ ಮೈಕನ್ನು ಮೇಲಕ್ಕೆತ್ತಬೇಕು. ದನಿ ತೆಳುವಾಗಿ ಕೋಣೆಯ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ದನಿ ಹತ್ತಿರವೂ ಗಟ್ಟಿಯೂ ಆಗಿದ್ದರೆ ಅಲ್ಲಿ ಕ್ಲೋಸ್ ಅಪ್ ಇದ್ದಿರಬಹುದು. ಹೀಗೆ ಊಹಿಸಿದ ಶಾಟುಗಳನ್ನು ಟೆಲಿಸ್ನ್ಯಾಪುಗಳ ಜೊತೆ ಇಟ್ಟು ನೋಡಿದರೆ ಬಹುಪಾಲು ಹೊಂದಿಕೆಯಾಗುತ್ತಿದ್ದವು. ಆಮೇಲೆಯೇ ಅನಿಮ್ಯಾಟಿಕ್, ಅಂದರೆ ಧ್ವನಿಗೆ ಹೊಂದಿಸಿದ ಕಚ್ಚಾ ಚಿತ್ರಗಳ ಸರಣಿ, ಕಟ್ಟಿದೆ, ಬ್ರಿಟಿಷ್ ಟಿ.ವಿ.ಯ ಲೆಕ್ಕದಂತೆ ಸೆಕೆಂಡಿಗೆ 25 ಫ್ರೇಮಿನಲ್ಲಿ.

ನಾನು ತೆಗೆದುಕೊಂಡ ದೃಶ್ಯ ಮೊದಲ ಕಂತಿನದು. ಡಾಕ್ಟರನ ಕಾಲಯಂತ್ರ ಟಾರ್ಡಿಸ್ಸನ್ನು ಕುಬ್ಲಾಯ್ ಖಾನನಿಗೆ ಕಾಣಿಕೆಯಾಗಿ ಕೊಡುವುದಾಗಿ, ಅದರಿಂದ ತನಗೆ ವೆನಿಸಿಗೆ ಮರಳಲು ಅಪ್ಪಣೆ ಸಿಗುವುದೆಂದು ಮಾರ್ಕೋ ಹೇಳುತ್ತಾನೆ. ಎಲ್ಲವನ್ನೂ ಕಳೆದುಕೊಳ್ಳುವ ಆ ಗಳಿಗೆಯಲ್ಲಿ ಡಾಕ್ಟರ್ ನಗತೊಡಗುತ್ತಾನೆ. ಮುಂದೇನು ಮಾಡುವುದೆಂದು ಕೇಳಿದರೆ ತನಗೆ ಗೊತ್ತೇ ಇಲ್ಲವೆಂದು ಹೇಳಿ ಇನ್ನಷ್ಟು ನಗುತ್ತಾನೆ. ಡಾಕ್ಟರನ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಎಂಥ ನಟ ಎಂಬುದಕ್ಕೆ ಆ ನಗು ಒಂದೇ ಸಾಕು. ಅದು ಸಂತೋಷದ ನಗುವಲ್ಲ, ಹುಚ್ಚಿನದೂ ಅಲ್ಲ; ಕೈಸೋತ ಮುದುಕನೊಬ್ಬ ತನ್ನ ವಿಧಿಯ ವಿಪರೀತವನ್ನು ಕಂಡು ನಗುವ ನಗು.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಕಟ್-ಔಟ್ ವಿಧಾನ. ಪಾತ್ರವನ್ನು ತುಂಡು ತುಂಡಾಗಿ ಬರೆದು, ಕೀಲು ಜೋಡಿಸಿ, ಮುಂದಿನಿಂದ, ಮುಕ್ಕಾಲು ಓರೆಯಾಗಿ, ಪಕ್ಕದಿಂದ ಎಂದು ತಲೆಗಳನ್ನು ಸಿದ್ಧಮಾಡಿ, ಬಾಯಿಯ ಕೆಲವು ಆಕಾರಗಳನ್ನು ಮಾತಿಗೆ ತಕ್ಕಂತೆ ಬದಲಿಸುವುದು. ಮಾತಿನ ಮಟ್ಟಿಗೆ ಇದು ನಡೆಯುತ್ತದೆ. ಹಾರ್ಟ್‌ನೆಲ್ ಮಾತಿನ ಕೊನೆಗೆ ಸೇರಿಸುವ ‘ಹ್ಞಂ?’ಗೆ ತುಟಿ ಮುಚ್ಚಿ ಗಲ್ಲವನ್ನು ತುಸು ಎತ್ತಿದರೆ ಸಾಕು, ಮುದುಕ ಜೀವ ತಳೆಯುತ್ತಾನೆ. ನಗುವಿಗೆ ಆ ಸಿದ್ಧ ಬಾಯಿಗಳು ಒದಗಲಿಲ್ಲ. ಧ್ವನಿಯ ಅಲೆಯನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದೆ. ‘ಹ’ಕಾರಗಳು ಒತ್ತೊತ್ತಾಗಿ ಬಂದು, ನಡುವೆ ಉಸಿರು ಒಳಗೆಳೆಯುವ ಸಣ್ಣ ಸೀಳು ಸದ್ದು. ಚಲನೆಯನ್ನು ಹುಟ್ಟಿಸುವುದು ಆ ಉಸಿರೇ. ಉಸಿರೆಳೆದಾಗ ಭುಜ ಏರಬೇಕು, ಕತ್ತು ಕುಗ್ಗಬೇಕು. ನಗು ಹೊರಟಾಗ ದವಡೆ ಇಳಿದು ಎದೆ ಕುಸಿಯಬೇಕು. ಎರಡು ಫ್ರೇಮಿಗೊಂದು ಚಿತ್ರ ಎಂಬ ರೂಢಿಯ ಲೆಕ್ಕ ಬಿಟ್ಟು ಆ ಭಾಗವನ್ನಷ್ಟೇ ಫ್ರೇಮು ಫ್ರೇಮಾಗಿ ಕೈಯಲ್ಲೇ ಬರೆದೆ. ಕೈಗಳ ಚಲನೆಗಾಗಿ ಇದೇ ಧಾರಾವಾಹಿಯ ಅದೇ ವರ್ಷದ ಇನ್ನೊಂದು ಕಥೆ ‘ದಿ ಆಜ್ಟೆಕ್ಸ್’ ನೋಡಿದೆ. ‘ಮಾರ್ಕೋ ಪೋಲೋ’ದಂತೆ ಅದೂ ಜಾನ್ ಲುಕರಾಟಿಯದೇ ರಚನೆ, ಬ್ಯಾರಿ ನ್ಯೂಬೆರಿಯದೇ ಕಲಾ ವಿನ್ಯಾಸ, ಪುಣ್ಯಕ್ಕೆ ಪೂರ್ತಿ ಉಳಿದಿದೆ. ಕೋಟಿನ ಅಂಚನ್ನು ಹಿಡಿಯುವ, ಬೆರಳ ತುದಿಗಳನ್ನು ಎದೆಯ ಮುಂದೆ ಕೂಡಿಸುವ ಹಾರ್ಟ್‌ನೆಲ್ಲರ ಅಭ್ಯಾಸ ಅಲ್ಲಿ ಸಿಗುತ್ತದೆ. ನಗು ಏರಿದಂತೆ ಕೋಟು ಹಿಡಿದ ಕೈ ಸಡಿಲವಾಗುವಂತೆ ಬರೆದೆ. ಅದು ನನ್ನ ಊಹೆ, ಆದರೆ ನಟನಿಂದಲೇ ಕಲಿತ ಊಹೆ.

ಬಣ್ಣ ಹಾಕಲಿಲ್ಲ, ಚೌಕಟ್ಟನ್ನು ಅಗಲಿಸಲಿಲ್ಲ. ಅಧಿಕೃತ ಅನಿಮೇಷನ್‌ಗಳಲ್ಲಿ ಹಲವು ಬಣ್ಣದಲ್ಲೂ ಅಗಲ ಪರದೆಯಲ್ಲೂ ಬಂದಿವೆ. ಹೊಸ ಪ್ರೇಕ್ಷಕರಿಗೆ ಅದು ಬೇಕಿರಬಹುದು. ನನ್ನ ಮಟ್ಟಿಗೆ, ಆ ಭಾರದ ಕ್ಯಾಮೆರಾಗಳು ಮಾಡಲಾರದ ಚಲನೆಯನ್ನು ನನ್ನ ಕ್ಯಾಮೆರಾ ಮಾಡಿದರೆ ಹುಸೇನ್ ಅವರ ಕೆಲಸದ ಮೇಲೆ ನನ್ನದನ್ನು ಹೇರಿದಂತೆ. ಒಂದೇ ಕಡೆ ಮೂಲದಿಂದ ಸರಿದೆ. ಆ ಕಾಲದ ರೂಢಿಯಂತೆ ಬಿಳಿಯ ನಟರಿಗೆ ಮೇಕಪ್ ಮಾಡಿ ಏಷ್ಯಾದವರ ಪಾತ್ರಗಳನ್ನು ಕೊಟ್ಟಿದ್ದರು. ಮಂಗೋಲ ಸರದಾರ ತೆಗಾನನನ್ನು ಬರೆಯುವಾಗ ಡೆರೆನ್ ನೆಸ್ಬಿಟ್ಟರ ಮುಖದ ಎಲುಬು, ನಿಲುವು, ಆ ಗತ್ತನ್ನು ಉಳಿಸಿಕೊಂಡೆ, ಕಣ್ಣಿನ ಸುತ್ತಲಿನ ಮೇಕಪ್ಪನ್ನು ಬಿಟ್ಟೆ. ಅದನ್ನು ರೇಖೆಯಲ್ಲಿ ಬರೆದರೆ ಒಂದು ಜನಾಂಗದ ಅಣಕವಾಗಿಬಿಡುತ್ತದೆ. ಬರ್ಮಾದಲ್ಲಿ ಹುಟ್ಟಿದ ಜೀನಿಯಾ ಮೆರ್ಟನ್ ಸಾರ್ಥದಲ್ಲಿರುವ ಹುಡುಗಿ ಪಿಂಗ್-ಚೋ ಆಗಿದ್ದಾರೆ. ಅವರ ಮುಖವನ್ನು ಇದ್ದ ಹಾಗೆಯೇ ಬರೆದೆ.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಹೀಗೆ ಮಾಡಬಾರದೇ ಎಂದು ಗೆಳೆಯರು ಕೇಳಿದರು. ಅದರ ಪ್ರತಿ ಸಿಗುವುದಿಲ್ಲ. ಧ್ವನಿಯನ್ನು ಹಿಡಿದಿಟ್ಟುಕೊಳ್ಳುವ ಯಂತ್ರ ಅಂದು ಯಾರ ಮನೆಯಲ್ಲಿತ್ತು? ಅದರ ನಾಯಕ ನಟ ಸುಬ್ಬಯ್ಯ ನಾಯ್ಡು ಅವರ ದನಿಯಿಲ್ಲದೆ ನಾನು ಬರೆಯುವುದು ನನ್ನ ಸಿನಿಮಾ ಆದೀತೇ ಹೊರತು ಅವರದಾಗುವುದಿಲ್ಲ.

ಈಗ ಕೈಗೆತ್ತಿಕೊಂಡಿರುವುದು ನಾಲ್ಕನೆಯ ಕಂತನ್ನು. ಅದನ್ನು ನಿರ್ದೇಶಿಸಿದವರು ಜಾನ್ ಕ್ರಾಕೆಟ್, ಅದರ ಟೆಲಿಸ್ನ್ಯಾಪುಗಳಿಲ್ಲ. ಮೂರನೆಯ ಕಂತಿನ ಚಿತ್ರಗಳಲ್ಲಿ ಗುಹೆಯ ಗೋಡೆ, ಅದರ ಮೇಲೆ ಬರೆದ ಮುಖಗಳು ಕಾಣಿಸುವುದರಿಂದ ಆರಂಭದ ದೃಶ್ಯಕ್ಕೆ ಬ್ಯಾಕ್‌ಗ್ರೌಂಡ್ ಸಿಕ್ಕಿದೆ, ಉಡುಪುಗಳೂ ಗೊತ್ತಿವೆ. ಯಾರು ಎಲ್ಲಿ ನಿಂತಿದ್ದರೆಂಬುದಕ್ಕೆ ಮಾತ್ರ ಹೆಜ್ಜೆ ಸದ್ದೊಂದೇ ಆಧಾರ. ಹಾಗಾಗಿ ಸದ್ಯಕ್ಕೆ ಪೆನ್ಸಿಲ್ ಬದಿಗಿಟ್ಟು ಕೇಳುತ್ತಿದ್ದೇನೆ.